ನಾಲ್ಕು-ಎರಡಕ್ಕೆ ನಿಂತ ಆಟ

ಮೂರು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆರಳುಗಳು ನನ್ನ ಮಾತು ಕೇಳುತ್ತಿರಲಿಲ್ಲ. ಯಳಂದೂರಿನಿಂದ ಕೊಳ್ಳೇಗಾಲಕ್ಕೆ ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಹೋಗಬೇಕಾಯಿತು. ಮೊದಲ ದಿನ ಅಲ್ಲಿನ ಹುಡುಗಿ ಡ್ರಾಯರ್ ಎಳೆದು, ಹೊಚ್ಚ ಹೊಸ ಟೆನಿಸ್ ಚೆಂಡೊಂದನ್ನು ನನ್ನ ಅಂಗೈಗಿಟ್ಟು, "ಒತ್ತಿ ಅಜ್ಜಿ, ಬಿಡಿ. ಒತ್ತಿ, ಬಿಡಿ" ಎಂದಳು. ನಾನು ಒತ್ತಲಿಲ್ಲ. ಮೂಗಿನ ಹತ್ತಿರ ಹಿಡಿದೆ. ಹೊಸ ರಬ್ಬರು, ಗೋಂದು, ಉಣ್ಣೆ ಎಲ್ಲ ಸೇರಿದ ಆ ವಾಸನೆ...

"ಅಯ್ಯೋ, ತಿನ್ನೋದಲ್ಲ ಅಜ್ಜಿ ಅದು!" ಎಂದು ಅವಳು ನಕ್ಕಳು. ನಾನೂ ನಕ್ಕೆ. ಆದರೆ ಯಾವುದೋ ಬಸ್ಸು ನನ್ನ ಕಣ್ಣೆದುರೇ ತಪ್ಪಿಹೋಗುತ್ತಿರುವ ಹಾಗೆ ಅನ್ನಿಸತೊಡಗಿತ್ತು.

ಆ ವಾಸನೆ ಕೊಳ್ಳೇಗಾಲದ ನಮ್ಮ ಕಾಲೇಜಿನ ಟೆನಿಸ್ ಕೋಚ್ ಸರ್ ಅವರದು. ಹೊಸ ಚೆಂಡಿನ ಡಬ್ಬ ಬಂದಾಗ ಅವರು ಸ್ಟಾಫ್ ರೂಮಿಗೇ ತಂದು ನನ್ನೆದುರು ಮುಚ್ಚಳ ಕೀಳುತ್ತಿದ್ದರು. ಉಸ್ ಎಂದು ಗಾಳಿ ಹೊರಬರುತ್ತಿತ್ತು. "ಉಸಿರು ಬಿಡ್ತು ನೋಡಿ ಮೇಡಂ" ಎನ್ನುತ್ತಿದ್ದರು.

ನಾನು ಅಲ್ಲಿ ಇಂಗ್ಲಿಷ್ ಲೆಕ್ಚರರ್. ಮೈಸೂರಿನ ಕಾನ್ವೆಂಟಿನಲ್ಲಿ ಬೋರ್ಡಿಂಗ್‌ನಲ್ಲಿದ್ದು ಓದಿದವಳು. ಅವರು ಕೊಳ್ಳೇಗಾಲದ ನೇಕಾರರ ಬೀದಿಯವರು. ಮನೆಯಲ್ಲಿ ತಲೆತಲಾಂತರದಿಂದ ರೇಷ್ಮೆ ಮಗ್ಗ. ಹದಿನೆಂಟನೇ ವಯಸ್ಸಿಗೆ ಮಗ್ಗ ಬಿಟ್ಟು ಮೈಸೂರಿಗೆ ಓಡಿಹೋಗಿ ಯಾವುದೋ ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದರಂತೆ. ಅಂದರೆ ಮೆಂಬರುಗಳಿಗೆ ಜೊತೆ ಸಿಗದ ದಿನ ಎದುರು ನಿಂತು ಆಡಿಕೊಡುವ ಕೆಲಸ. ಅಲ್ಲಿ ಅವರ ಆಟ ನೋಡಿದ ನಮ್ಮ ಕಾಲೇಜಿನ ಹಳೆಯ ಪ್ರೆಸಿಡೆಂಟರು ಊರಿಗೆ ಕರೆತಂದು, ಹಿಂಬದಿಯ ಕೆಮ್ಮಣ್ಣಿನ ಜಾಗ ತೋರಿಸಿ, "ಇಲ್ಲೊಂದು ಕೋರ್ಟ್ ಮಾಡಪ್ಪ" ಎಂದರಂತೆ. ರೋಲರ್ ಎಳೆದವರೂ ಅವರೇ, ಸುಣ್ಣದ ಗೆರೆ ಹಾಕಿದವರೂ ಅವರೇ. ಬಲೆ ಹರಿದರೆ ಹೆಣೆಯುತ್ತಿದ್ದರು. ಮಗ್ಗದ ಕೈ ಅಲ್ಲವೇ, ಎಲ್ಲಿ ಹರಿದಿತ್ತು ಎಂದು ನಮಗೆ ಗೊತ್ತಾಗುತ್ತಿರಲಿಲ್ಲ.

ಅವರ ಕೋಣೆಯ ಬಾಗಿಲಿಗೆ ಹೆಡ್ ಕೋಚ್ ಎಂಬ ಬೋರ್ಡಿತ್ತು. ಕೈಕೆಳಗೆ ಇನ್ನೊಬ್ಬ ಕೋಚ್ ಇರಲಿಲ್ಲ. "ತಲೆ ಮಾತ್ರ ಕೊಟ್ಟವ್ರೆ ಮೇಡಂ, ಕೈಕಾಲ್ ಮುಂದಿನ್ ವರ್ಷ ಅಂತೆ" ಎಂದು ತಾವೇ ನಗುತ್ತಿದ್ದರು. ಹುದ್ದೆ ಪರ್ಮನೆಂಟ್ ಆಗಿರಲಿಲ್ಲ. ಪ್ರತಿ ಜೂನ್‌ನಲ್ಲಿ ಒಂದು ವರ್ಷದ ಆರ್ಡರ್. ಅದಕ್ಕಾಗಿ ಇಸ್ತ್ರಿ ಮಾಡಿದ ಬಿಳಿ ಷರ್ಟ್ ತೊಟ್ಟು ಪ್ರೆಸಿಡೆಂಟರ ಕೋಣೆಯ ಹೊರಗೆ ನಿಂತಿರುತ್ತಿದ್ದರು. ಇಪ್ಪತ್ತೆರಡು ಜೂನ್ ಹಾಗೆ ನಿಂತವರು. ಅವರ ಇಡೀ ಕೆರಿಯರ್ ಆ ಕಾರಿಡಾರಿನಲ್ಲಿ ಒಂದೊಂದು ವರ್ಷವಾಗಿ ಮುಂದೆ ಸರಿಯಿತು.

ಆದರೆ ಅವರ ನಿಜವಾದ ಕೆಲಸ ನಡೆಯುತ್ತಿದ್ದದ್ದು ಕೋರ್ಟಿನಲ್ಲಿ ಅಲ್ಲ, ಹುಡುಗಿಯರ ಮನೆಗಳಲ್ಲಿ. ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳನ್ನು ಮ್ಯಾಚ್‌ಗೆಂದು ಮೈಸೂರಿಗೆ ಕಳಿಸುವವರು ಯಾರು? ಪರ್ಮಿಷನ್ ಲೆಟರ್ ಕೊಟ್ಟು ಕಳಿಸಿದರೆ ಮನೆಯವರು ಬೇಡ ಎಂದೇ ಬರೆಯುತ್ತಿದ್ದರು. ಅದಕ್ಕೆ ಕೋಚ್ ಸರ್ ಲೆಟರ್ ಬಿಟ್ಟರು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಇಟ್ಟುಕೊಂಡು ತಾವೇ ಮನೆ ಬಾಗಿಲಿಗೆ ಹೋಗಿ ಕೇಳುತ್ತಿದ್ದರು. ಲೇಡಿ ಎಸ್ಕಾರ್ಟ್ ಎಂದು ನನ್ನನ್ನೂ ಕರೆದೊಯ್ಯುತ್ತಿದ್ದರು.

ಧನಗೆರೆಯಲ್ಲಿ ಒಬ್ಬ ಅಜ್ಜಿ ತಟ್ಟೆ ನೋಡಿ ಮಗನನ್ನು ಕೂಗಿದ್ದು ನೆನಪಿದೆ. "ಲೇ, ಬಾ ಇಲ್ಲಿ! ಎಣ್ ಕೇಳಕ್ ಬಂದವ್ರೆ ಕಣ್ಲಾ. ಗಂಡೆಲ್ಲಿ ಕಾಣ್ನಲ್ಲ?"

"ಗಂಡಿಲ್ಲ ಕಣಜ್ಜಿ, ಬರೀ ಚೆಂಡು" ಎಂದರು ಕೋಚ್ ಸರ್.

ನಕ್ಕು ಮುಗಿದ ಮೇಲೆ, ಎಲ್ಲ ಮನೆಯಲ್ಲೂ ಒಂದೇ ಮಾತು ಹೇಳುತ್ತಿದ್ದರು: "ದೀಪ ಅಚ್ಚೋ ಒತ್ಗೆ ನಿಮ್ ಮಗಳನ್ನ ನಿಮ್ ಬಾಗಿಲಲ್ಲಿ ತಂದ್ ನಿಲ್ಲಿಸ್ತೀನಿ. ಗೆದ್ರೂ ಸೈ, ಸೋತ್ರೂ ಸೈ." ಒಂದು ಸಲವೂ ಆ ಮಾತು ತಪ್ಪಿರಲಿಲ್ಲ. ಹುಡುಗಿಯರನ್ನು ಅವರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. "ಏ ಧನಗೆರೆ, ಕಾಲ್ ಆಡ್ಸವ್ವ! ಕೌದಳ್ಳಿ, ಚೆಂಡ್ ನೋಡು, ನನ್ ಮಕ ನೋಡ್ಬೇಡ!"

ಈ ಕೌದಳ್ಳಿಯ ಹುಡುಗಿ ಅವರ ಕೊನೆಯ ಶಿಷ್ಯೆ. ಅವಳ ಅಪ್ಪ ಆ ಊರಿನ ರಸ್ತೆ ಬದಿಯಲ್ಲಿ ಟೈಲರ್. ಮಾತು ಕಮ್ಮಿ. ನಾವು ತಟ್ಟೆ ಹಿಡಿದು ಹೋದಾಗ ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಕೋಚ್ ಸರ್ ಎಂದಿನ ಮಾತು ಕೊಟ್ಟರು. ನಾನು ಎದುರಿನ ಎಸ್‌ಟಿಡಿ ಬೂತಿನ ನಂಬರನ್ನು ಡೈರಿಯಲ್ಲಿ ಬರೆದುಕೊಂಡೆ, ಇರಲಿ ಅಂತ. ಮುಂದಿನ ವಾರ ಅವಳು ಮೊಣಕಾಲು ಮುಚ್ಚುವ ಬಿಳಿ ಸ್ಕರ್ಟ್ ತೊಟ್ಟು ಬಂದಳು. ಚೆಂಡು ಇಟ್ಟುಕೊಳ್ಳಲು ಬದಿಯಲ್ಲಿ ಆಳವಾದ ಜೇಬು. "ಅಪ್ಪ ಒಲ್ದ್ ಕೊಟ್ಟಿದ್ದು" ಎಂದಳು. ನನಗೆ ಆಗಲೇ ಅರ್ಥವಾಗಬೇಕಿತ್ತು...

ಆ ವರ್ಷ ಆಡಳಿತದಲ್ಲಿ ಹೊಸಬರು ಬಂದಿದ್ದರು. ಹೊಸ ಪ್ರೆಸಿಡೆಂಟರಿಗೆ ಕಂಪ್ಯೂಟರ್ ಬ್ಲಾಕ್ ಕಟ್ಟಿಸಲು ಜಾಗ ಬೇಕಿತ್ತು. ಕೋಚ್ ಸರ್ ಅವರನ್ನು ಕರೆದು ನೇರವಾಗಿಯೇ ಹೇಳಿದರು: "ಈ ಸಲ ಒಬ್ಬಳಾದ್ರೂ ಯೂನಿವರ್ಸಿಟಿ ಟೀಮಿಗೆ ಸೆಲೆಕ್ಟ್ ಆದ್ರೆ ಕೋರ್ಟು ಉಳಿಯುತ್ತೆ, ನೀವೂ ಉಳೀತೀರಿ." ಕೋಚ್ ಸರ್ ಅದನ್ನು ಹುಡುಗಿಗೆ ಹೇಳಲಿಲ್ಲ. ನನಗೆ ಮಾತ್ರ ಹೇಳಿದರು. ಅಂದಿನಿಂದ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಮೈಸೂರಿನಲ್ಲಿ ಇಂಟರ್ ಕಾಲೇಜ್ ಸೆಮಿಫೈನಲ್. ಗೆದ್ದವರಿಗೆ ಯೂನಿವರ್ಸಿಟಿ ಟೀಮಿನಲ್ಲಿ ಜಾಗ ಖಂಡಿತ. ಹತ್ತು ಗಂಟೆಗೆ ಆಗಬೇಕಿದ್ದ ಮ್ಯಾಚು, ಹಿಂದಿನ ದಿನದ ಮಳೆಗೆ ಕೋರ್ಟು ಒಣಗದೆ ಹನ್ನೆರಡಕ್ಕೆ ಶುರುವಾಯಿತು. ನನ್ನ ಲೆಕ್ಕ ಆಗಲೇ ಕೆಟ್ಟಿತು. ಕೊಳ್ಳೇಗಾಲದಿಂದ ಹನೂರಿನ ಮೇಲೆ ಕೌದಳ್ಳಿಗೆ ಐದು ಗಂಟೆಯ ಬಸ್ಸೇ ಕೊನೆ. ಅದು ಕಾಡುಗಳ್ಳನ ಕಾಲ. ಹನೂರಿನಿಂದಾಚೆ ಕತ್ತಲಾದ ಮೇಲೆ ಬಸ್ಸು ಬಿಡುತ್ತಿರಲಿಲ್ಲ. ಐದರ ಬಸ್ಸು ಸಿಗಬೇಕೆಂದರೆ ಮೈಸೂರಿನ ಕೋರ್ಟನ್ನು ಎರಡಕ್ಕೆ ಬಿಡಲೇಬೇಕು.

ಮೊದಲ ಸೆಟ್ ಸೋತಳು. ಎರಡನೆಯದು ಗೆದ್ದಳು. ಮೂರನೆಯದರಲ್ಲಿ ಎದುರಾಳಿಗೆ ಕಾಲು ಸೋತಿತ್ತು, ನಮ್ಮವಳು ಹಗುರಾಗಿ ಓಡುತ್ತಿದ್ದಳು. ಮೂರು-ಎರಡು. ನಾನು ಆಟ ನೋಡಲಿಲ್ಲ, ವಾಚ್ ನೋಡುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದ್ದು ಮುಖ್ಯವಾಗಿ ಒಂದೇ, ಪಂಕ್ಚುಯಾಲಿಟಿ. ಗಂಟೆ ಹೊಡೆದ ಮೇಲೆ ಚಾಪೆಲ್ ಬಾಗಿಲು ದಾಟಿದವಳಿಗೆ ಕ್ಷಮೆ ಇರಲಿಲ್ಲ.

"ಸರ್, ಎರಡು ಹೊಡೀತು."

"ಸುಮ್ಕಿರಿ ಮೇಡಂ. ಇನ್ ಮೂರ್ ಗೇಮು."

ನಾಲ್ಕು-ಎರಡು. ಎರಡು ಗಂಟೆ ಹತ್ತು ನಿಮಿಷ. ನಮ್ಮವಳಿಗೆ ಇನ್ನೆರಡು ಗೇಮ್ ಬಂದರೆ ಮುಗಿಯಿತು. ಬಸ್ಸು ಹೋದರೆ ಏನು, ಹುಡುಗಿಯನ್ನು ಎಲ್ಲಿ ಮಲಗಿಸುವುದು, ಊರವರು ಏನನ್ನುತ್ತಾರೆ, ನಾಳೆಯಿಂದ ಯಾವ ಮನೆಯವರು ಮಗಳನ್ನು ಕಳಿಸುತ್ತಾರೆ... ತಲೆಯೊಳಗೆ ಇದೇ ಸುತ್ತುತ್ತಿತ್ತು. ಆಗ ನಾನು ಆ ಮಾತಾಡಿದೆ.

"ಸರ್, ನೀವು ಮಾತು ಕೊಟ್ಟಿದ್ದೀರಿ."

ಅವರು ನನ್ನತ್ತ ತಿರುಗಿದರು. ಕೋಪವಿರಲಿಲ್ಲ. ಮರೆತಿದ್ದನ್ನು ನೆನಪಿಸಿದವರನ್ನು ನೋಡುವಂತೆ ನೋಡಿದರು. ಎದ್ದು ಅಂಪೈರ್ ಹತ್ತಿರ ಹೋಗಿ ಏನೋ ಹೇಳಿದರು. ಅಂಪೈರ್ ಎರಡು ಸಲ ಕೇಳಿದ. ಆಮೇಲೆ, ನಾವು ಆಟ ಬಿಟ್ಟುಕೊಟ್ಟೆವು, ಎದುರಾಳಿ ಗೆದ್ದಳು ಎಂದು ಸಾರಿದ.

"ಸಾ, ನಾನ್ ಮುಂದಿದ್ದೀನಿ ಸಾ" ಎಂದಳು ಹುಡುಗಿ. ಅವಳಿಗೆ ಸ್ಕೋರ್ ತಪ್ಪಾಗಿದೆ ಅನ್ನಿಸಿತ್ತೇನೋ.

"ಗೊತ್ತು ಕಣವ್ವ. ಬ್ಯಾಗ್ ತಕೋ."

ಬಸ್ಸು ಸಿಕ್ಕಿತು. ಕೊಳ್ಳೇಗಾಲದಲ್ಲಿ ಓಡಿ ಐದರ ಬಸ್ಸನ್ನೂ ಹಿಡಿದೆವು. ಹನೂರು ದಾಟುವವರೆಗೆ ಹುಡುಗಿ ಕಿಟಕಿಗೆ ಹಣೆಯಾನಿಸಿ ಕೂತಿದ್ದಳು. ನನಗೆ ಮಾತ್ರ, ನಾಚಿಕೆಯಿಂದ ಹೇಳುತ್ತೇನೆ, ಒಂದು ರೀತಿಯ ರಿಲೀಫ್ ಇತ್ತು. ಆನ್ ಟೈಮ್ ಇದ್ದೆವಲ್ಲ.

ಕೌದಳ್ಳಿಯಲ್ಲಿ ಇಳಿದಾಗ ಅವಳ ತಾಯಿ ಹೊಸ್ತಿಲ ಬಳಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಟೈಲರ್ ಅಂಗಡಿಯಿಂದ ಹೊರಬಂದ, ಕೊರಳಲ್ಲಿ ಟೇಪು.

"ಏನ್ ಸಾ, ಬಂದೇ ಬುಟ್ರಿ? ಆಟ ಬೇಗ ಮುಗೀತಾ?"

"ಮುಗೀನಿಲ್ಲ. ಬಸ್ಸಿಗೆ ಒತ್ತಾಯ್ತು, ಬುಟ್ಟು ಬಂದ್ವಿ."

"ಸೋತ್ಲಾ?"

"ಇಲ್ಲ. ಮುಂದಿದ್ಲು." ಎಂದರು ಕೋಚ್ ಸರ್. "ಮಾತ್ ಕೊಟ್ಟಿದ್ನಲ್ಲಪ್ಪ ನಿಂಗೆ."

ಟೈಲರ್ ಮಗಳನ್ನು ನೋಡಿದ. ಆ ಬಿಳಿ ಸ್ಕರ್ಟ್ ನೋಡಿದ.

"ಮಾತ್ ಕೊಟ್ಟಿದ್ದು ನಂಗೆ ತಾನೆ ಸಾ?" ಎಂದ ಕೊನೆಗೆ. ದನಿ ಏರಿಸಲಿಲ್ಲ. "ನನ್ನೇ ಒಂದ್ ಮಾತ್ ಕೇಳ್ಬೋದಿತ್ತು. ಎದುರ್ಗೇ ಪೋನ್ ಅದೆ. ನಾನ್ ಮದ್ಯಾನದಿಂದ ಅದ್ರು ಮುಂದೇ ಕುಂತಿದ್ದಿ. ಮೈಸೂರಲ್ಲಿ ನನ್ ತಂಗಿ ಮನೆ ಅದೆ, ಉಳ್ಕೊಳ್ಳಿ ಅಂತಿದ್ದಿ."

ನಂಬರ್ ನನ್ನ ವ್ಯಾನಿಟಿ ಬ್ಯಾಗಿನ ಡೈರಿಯಲ್ಲಿತ್ತು. ಕೋರ್ಟಿನ ಆಫೀಸಿನಲ್ಲಿ ಫೋನಿತ್ತು. ಕೊಟ್ಟ ಮಾತನ್ನು, ಯಾರಿಗೆ ಕೊಟ್ಟಿದ್ದೆವೋ ಅವರ ಹತ್ತಿರವೇ ಹೋಗಿ ಸ್ವಲ್ಪ ಸಡಿಲಿಸಿ ಅನ್ನಬಹುದು ಎಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ನಾನು ಬಾಯಿ ತೆರೆಯಬೇಕಿತ್ತು. ಅವಸರ ಮಾಡಿದವಳು ನಾನು ಎನ್ನಬೇಕಿತ್ತು. ಕೋಚ್ ಸರ್ ಒಬ್ಬರೇ ತಲೆ ತಗ್ಗಿಸಿ ನಿಂತರು. ನಾನು ಬ್ಯಾಗನ್ನು ಎದೆಗವುಚಿಕೊಂಡು ಪಕ್ಕದಲ್ಲಿ ನಿಂತಿದ್ದೆ, ಅಷ್ಟೇ. ವಾಪಸ್ ಬಸ್ಸಿರಲಿಲ್ಲವಲ್ಲ, ಆ ರಾತ್ರಿ ಅವರ ಮನೆಯಲ್ಲೇ ಉಳಿದೆವು. ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿದರು. ಕೋಚ್ ಸರ್ ತಟ್ಟೆಯಲ್ಲಿ ಬೆರಳಾಡಿಸಿ ಎದ್ದರು.

ಪ್ರೆಸಿಡೆಂಟರು, "ಸೋತ್ರಂತೆ?" ಎಂದು ಕೇಳಿದಾಗಲೂ ನಾನು ಪಕ್ಕದಲ್ಲಿದ್ದೆ. "ಹೌದು ಸರ್, ಸೋತ್ವಿ" ಎಂದರು ಕೋಚ್ ಸರ್. ಬಸ್ಸಿನ ಮಾತಿಲ್ಲ, ನನ್ನ ಮಾತಿಲ್ಲ. ಆ ಜೂನ್‌ನಲ್ಲಿ ಆರ್ಡರ್ ಬರಲಿಲ್ಲ. ಜುಲೈನಲ್ಲಿ ಕೋರ್ಟಿನ ಮೇಲೆ ಜೆಸಿಬಿ ಬಂತು. ಹುಡುಗಿ ರ್‍ಯಾಕೆಟ್ ಮತ್ತೆ ಮುಟ್ಟಲಿಲ್ಲ.

ಒಂದು ವರ್ಷದ ಮೇಲೆ ಧೈರ್ಯ ಮಾಡಿ ಕೋಚ್ ಸರ್ ಮನೆಗೆ ಹೋದೆ. ಅಣ್ಣನ ಮಗ್ಗದಲ್ಲಿ ಕೂತಿದ್ದರು. "ಸರ್, ಅವತ್ತು ನಾನು..." ಎಂದು ಶುರುಮಾಡಿದೆ. "ಮೊದ್ಲು ಕಾಪಿ ಕುಡೀರಿ ಮೇಡಂ" ಎಂದರು. ಕುಡಿದೆ. ಆಮೇಲೆ ಅವರೇ ಕೇಳಿದರು, "ಕೌದಳ್ಳಿ ಆಡ್ತಾ ಅವ್ಳಾ?"

"ಹೂಂ ಸರ್, ಆಡ್ತಿದ್ದಾಳೆ" ಎಂದುಬಿಟ್ಟೆ. ಅವರ ಮುಖ ಅರಳಿದ್ದನ್ನು ನೋಡಿ, ಹೇಳಬೇಕಾದದ್ದನ್ನು ನುಂಗಿಕೊಂಡು ಎದ್ದು ಬಂದೆ. ಮತ್ತೆ ಹೋಗೋಣ, ಹೋಗೋಣ ಎನ್ನುತ್ತ... ಅವರು ತೀರಿಕೊಂಡದ್ದು ನನಗೆ ತಿಳಿದದ್ದು ನಾಲ್ಕು ತಿಂಗಳ ನಂತರ, ಸೀರೆ ಅಂಗಡಿಯೊಂದರಲ್ಲಿ, ಯಾರದೋ ಮಾತಿನ ನಡುವೆ.

ಆ ಹುಡುಗಿ ಈಗ ಹನೂರಿನಲ್ಲಿ ಪ್ರೈಮರಿ ಸ್ಕೂಲ್ ಟೀಚರ್. ತಲೆಯಲ್ಲಿ ನಾಲ್ಕು ಬಿಳಿ ಕೂದಲು. ನನ್ನ ಕೈ ಮುರಿದದ್ದು ಗೊತ್ತಾಗಿ ಹೋದ ಭಾನುವಾರ ಯಳಂದೂರಿಗೆ ಬಂದಿದ್ದಳು. ಹಳೆಯದೆಲ್ಲ ಮಾತಾಡಿ ನಕ್ಕೆವು. ಹೊರಡುವ ಮುಂಚೆ, ಚಪ್ಪಲಿ ಮೆಟ್ಟಿಕೊಳ್ಳುತ್ತ ಅವಳೆಂದಳು: "ಒಂದೇ ಬೇಜಾರು ಮೇಡಂ. ಕೋಚ್ ಸಾರ್ಗೆ ನನ್ ಮೇಲೆ ನಂಬ್ಕೆ ಇರ್ಲಿಲ್ಲ. ಇದ್ದಿದ್ರೆ ಎರಡ್ ಗೇಮು ಕಾಯ್ತಿದ್ರು."

ಇಷ್ಟು ವರ್ಷ ಅವಳು ಅದನ್ನೇ ನಂಬಿಕೊಂಡಿದ್ದಾಳೆ. ನಾನು ಗೇಟಿನ ಚಿಲಕ ಹಿಡಿದು ನಿಂತಿದ್ದೆ. ಆಗಲೂ ನನ್ನ ಬಾಯಿಂದ ಬಂದದ್ದು, "ಹೊರಡಮ್ಮ, ಬಸ್ಸಿಗೆ ಹೊತ್ತಾಯಿತು" ಎಂದು.

ಅದಕ್ಕೇ, ಸರಿಯಾಗಿ ಮಡಚಲಾಗದ ಈ ಬೆರಳುಗಳಲ್ಲಿ ಇಷ್ಟನ್ನು ಬರೆದಿದ್ದೇನೆ. ಮೊದಲು ಅವಳಿಗೆ ಓದಲು ಕೊಡುತ್ತೇನೆ. ಕೋಚ್ ಸರ್ ಎರಡು ಗೇಮ್ ಕಾಯಲು ಸಿದ್ಧರಿದ್ದರು ಕಣಮ್ಮ, ಕಾಯಲಾರದೆ ಹೋದವಳು ನಾನು. ಓದಿ ಅವಳು ಏನನ್ನುತ್ತಾಳೋ ಗೊತ್ತಿಲ್ಲ. ಅವಳಾದರೂ ಇದ್ದಾಳೆ, ಏನಾದರೂ ಅನ್ನುತ್ತಾಳೆ. ಕೋಚ್ ಸರ್ ಹತ್ತಿರ ಮಾತ್ರ ಏನೂ ಹೇಳದೆ ಕಾಫಿ ಕುಡಿದು ಎದ್ದು ಬಂದದ್ದು ಹಾಗೇ ಉಳಿಯಿತು.