ಪುಂಡಿಪಲ್ಲೆ ಉಪ್ಪಿನಕಾಯಿಗೆ ಎದುರಾಳಿಯ ನಾಲಿಗೆ

ಉಪ್ಪಿನಕಾಯಿಗೆ ಸ್ಪರ್ಧೆ ಇಡುವುದೇ ತಪ್ಪು, ಗೆಳೆಯರೇ. ಅದು ಓಣಿಯ ಹೆಂಗಸರನ್ನು ಎದುರಾಳಿಗಳನ್ನಾಗಿ ಮಾಡುತ್ತದೆ. ಮಾನ್ವಿಯ ಸ್ಪರ್ಧೆಗೆ ಪುಂಡಿಪಲ್ಲೆ ಎಂಬ ಹುಳಿಸೊಪ್ಪಿನ ಉಪ್ಪಿನಕಾಯಿ ಕಲಸುತ್ತಿದ್ದ ಅವ್ವನಿಗೆ ಇವತ್ತು ಇದನ್ನೇ ಹೇಳುತ್ತಿದ್ದೆ. ಅವಳು ಗೋಡೆಯಾಚೆಗೆ ಕೂಗಿದಳು: "ಶಾಂತಾ, ಉಪ್ಪು ನೋಡು ಬಾ ಬೇ."

ಕಳೆದ ಸಲ ಬಹುಮಾನ ಗೆದ್ದವಳೇ ಈ ಪಕ್ಕದ ಮನೆಯ ಶಾಂತಕ್ಕ.

"ಯವ್ವಾ, ಆಕಿನೂ ಸ್ಪರ್ಧಾದಾಗ ಅದಾಳ" ಎಂದು ಪಿಸುಗುಟ್ಟಿದೆ.

"ಇರಲಿ. ಮುಂಜಾನಿಂದ ಹುಳಿ ನೆಕ್ಕಿ ನನ್ನ ನಾಲಗಿ ಸತ್ತದ. ನಿನ್ನ ನಾಲಗಿ ಭಾಷಣಕ್ಕಷ್ಟೇ ಅದ."

ಶಾಂತಕ್ಕ ನೆಕ್ಕಿ ನೋಡಿ, "ಇನ್ನೊಂದು ಹಿಡಿ ಹಾಕು" ಎಂದಳು. ಅವ್ವ ಹಾಕಿಯೇಬಿಟ್ಟಳು. ಶಾಂತಕ್ಕ ಬೇಕಂತಲೇ ಕೆಡಿಸಿದಳೆಂದುಕೊಂಡು ಕದ್ದು ನೆಕ್ಕಿದೆ. ಉಪ್ಪು ಸರಿಯಾಗಿತ್ತು. ಅಷ್ಟರಲ್ಲಿ ಅವ್ವ ಶಾಂತಕ್ಕನ ಭರಣಿಯ ಮೆಂತ್ಯ ನೋಡಲು ಹೊರಟಿದ್ದಳು.

ಓಣಿಯಲ್ಲಿ ಎದುರಾಳಿ ಅಂತ ಇದ್ದವಳು ನಾನೊಬ್ಬಳೇ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸ್ಪರ್ಧೆಗೆ ಬನ್ನಿ, ರೊಟ್ಟಿ ತನ್ನಿ.