ಸಾವಿಲ್ಲದ ಮನೆಯಲ್ಲಿ ಹಾಡಬಾರದ ಹಾಡು

ತೆತ್ವಾನ್ ಊರಿನ ನಮ್ಮ ಯಹೂದಿ ಕೇರಿಯಲ್ಲಿ ಯಾರು ಸತ್ತರೂ ಮೊದಲು ಹೇಳಿಕಳಿಸುತ್ತಿದ್ದುದು ಒರೊವಿದಾ ಅತ್ತೆಗೆ. ಅವಳು ನನ್ನಪ್ಪನ ತಂಗಿ. ಹೆಣದ ಪಕ್ಕ ಕೂತು ಹಾಡೆತ್ತಿದರೆ ಕಲ್ಲೆದೆಯವನೂ ಅಳುತ್ತಿದ್ದ. ಸ್ಪೇನಿನಿಂದ ಅಟ್ಟಿಸಿಕೊಂಡು ಬಂದ ನಮ್ಮ ಹಿರಿಯರು ನಾಲಿಗೆಯಲ್ಲಿ ಹೊತ್ತು ತಂದ ಹಳೆಯ ಸ್ಪ್ಯಾನಿಷ್ ಹಾಡುಗಳವು.

ಕಡಲಾಚೆಯ ಕರಾಕಸ್‌ಗೆ ಕರೆದೊಯ್ಯುತ್ತೇನೆಂದು, ಅಲ್ಲೇ ನೆಲೆಸಿದ್ದ ಮಗ ಮೆಸೋದ್ ಬಂದಿಳಿದ ದಿನದಿಂದ ಅತ್ತೆ ಕೂತಲ್ಲಿ ಕೂರಲಿಲ್ಲ.

“ಅಲ್ಲೂ ಸ್ಪ್ಯಾನಿಷೇ ಅಮ್ಮಾ, ಯಾಕೆ ಒದ್ದಾಡ್ತೀಯ?”

“ಅದು ಅಂಗಡೀಲಿ ಚೌಕಾಸಿ ಮಾಡೋ ಸ್ಪ್ಯಾನಿಷ್ ಕಣೋ. ಅದ್ರಲ್ಲಿ ಅತ್ರೆ ನನ್ನ ಲೂನಾಗೆ ಕೇಳಿಸುತ್ತಾ?”

ಲೂನಾ ಅವಳ ಮಗಳು, ಮದುವೆಗೆ ಮುಂಚೆಯೇ ಜ್ವರದಲ್ಲಿ ಹೋದವಳು. ಎಳೆಯ ವಯಸ್ಸಿನಲ್ಲಿ ಸತ್ತವರ ಹಾಡು ಅತ್ತೆಯೊಬ್ಬಳಿಗೇ ಬರುತ್ತಿತ್ತು. ವರ್ಷಕ್ಕೊಮ್ಮೆ, ಜೆರೂಸಲೇಮಿನ ಗುಡಿ ಬಿದ್ದ ದುಃಖಕ್ಕೆ ನಾವು ಉಪವಾಸವಿರುವ ದಿನ, ಮಗಳ ಹೆಸರಿಗೆ ಹಾಡುತ್ತಿದ್ದಳು. ಇನ್ನು ಮುಂದೆ ಯಾರು? ನನಗೆ ಕಲಿಸಬೇಕೆಂದು ಹಟ ಹಿಡಿದಳು. ಆದರೆ ಆ ಒಂದು ದಿನ ಬಿಟ್ಟರೆ, ಸಾವಿಲ್ಲದ ಮನೆಯಲ್ಲಿ ಆ ಹಾಡು ಹಾಡಿದರೆ ಸಾವನ್ನೇ ಕರೆದಂತೆ. ಉಪವಾಸದ ದಿನಕ್ಕೆ ಮೊದಲೇ ಹಡಗು ಹೊರಡುವುದಿತ್ತು.

ನಮ್ಮ ಮನೆಗೆ ಬಂದಳು. ಅಮ್ಮ ಬಾಗಿಲಲ್ಲೇ ತಡೆದಳು. “ಇಲ್ಲಿ ಎಲ್ರೂ ಉಸಿರಾಡ್ತಿದೀವಿ ಕಣೇ, ಹೋಗು!”

ಅವಳ ತಲೆಯಲ್ಲಿ ಹಾಡು ಕುದಿಯುತ್ತಲೇ ಇತ್ತು. ಕೇರಿಯವರೆಲ್ಲ ರೊಟ್ಟಿ ಬೇಯಿಸುವ ಒಲೆಯ ಮುಂದೆ ತನ್ನ ಹಲಗೆ ಹಿಡಿದು ನಿಂತಾಗ ಮೈಮರೆತು ಗುನುಗಿಬಿಟ್ಟಳು. ಹೆಂಗಸರು ಥೂ ಥೂ ಎಂದು ಉಗಿದು, ಹಿಟ್ಟಿಗೆ ಬಟ್ಟೆ ಮುಚ್ಚಿದರು.

“ಬೆಳಿಗ್ಗೆ ತಾನೆ ನನ್ನ ಗಂಡ ಕೆಮ್ಮಿದಾನೆ, ಅವನನ್ನ ಈಗಲೇ ಕಳಿಸ್ತೀಯಾ?” ಎಂದಳು ಒಬ್ಬಳು.

“ನಿನ್ನ ಗಂಡನ್ನ ಸಾವೂ ಮುಟ್ಟಲ್ಲ ಬಿಡೇ, ವಾಸನೆ!” ಎಂದು ಅತ್ತೆ ಹಲಗೆ ಎತ್ತಿಕೊಂಡು ಬಂದಳು. ಬೇಯಿಸದ ರೊಟ್ಟಿ ಹಾಗೇ ಹುಳಿಯಾಯಿತು.

ಮರುದಿನ ಬೆಳಕು ಹರಿಯುತ್ತಲೇ ನನ್ನ ಕೈ ಹಿಡಿದೆಳೆದಳು. “ಸತ್ತವರಿರೋ ಮನೆ ಬೇಕು ತಾನೆ? ಬಾ, ಗುಡ್ಡದ ಮೇಲೆ ಬೇಕಾದಷ್ಟಿವೆ.”

ಲೂನಾಳ ಗೋರಿಯ ಮೇಲೆ ಕೈಯಿಟ್ಟು ಹಾಡಿದಳು. ನಾನು ಹಿಂದೆ ಹಿಂದೆ ಹೇಳಿದೆ. “ಅಷ್ಟು ಮುದ್ದಾಗಿ ಹಾಡ್ಬೇಡ, ಇದೇನು ಮದುವೆ ಚಪ್ಪರವಾ?” ಎಂದು ಗದರಿದಳು. ತಾಯಿ ಸತ್ತ ಮಗಳ ಮುಡಿ ಬಿಚ್ಚುವ ಸಾಲಿಗೆ ಬಂದಾಗ ಹಾಡನ್ನು ಅಲ್ಲಿಗೇ ಬಿಟ್ಟಳು. ಮತ್ತೆ ಮೊದಲಿನಿಂದ ಎತ್ತಿದಳು, ಅಲ್ಲೇ ನಿಂತಳು. ಬಿಸಿಲೇರಿತು. ಕೊನೆಗೆ ಹಾಡದೆ, ಕಣ್ಣೀರಿಲ್ಲದೆ, ಉಳಿದ ಸಾಲುಗಳನ್ನು ಬರಿ ಮಾತಿನಲ್ಲಿ ಹೇಳಿದಳು. ರಾಗವನ್ನು ನಾನೇ ಕೂಡಿಸಿಕೊಳ್ಳಬೇಕಾಯಿತು. ಸರಿಯಾಯಿತೋ ಇಲ್ಲವೋ, ಅವಳು ಕೇಳುವ ಮೊದಲೇ ಮೆಸೋದ್ ಹುಡುಕಿಕೊಂಡು ಬಂದ.

ಟಾಂಜಿಯರ್ ಬಂದರಿನ ಬಸ್ಸು ಹತ್ತಿದ ಮೇಲೂ ಅವಳಿಗೆ ಸಮಾಧಾನವಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು: “ಮರೆತ್ಯಾ? ಹೇಳು ನೋಡೋಣ!”

ಸುತ್ತ ಬದುಕಿರುವ ಜನ, ಮಡಿಲ ಕೂಸುಗಳು. ನಾನು ದನಿ ತೆಗೆಯದೆ ಬರಿ ತುಟಿಯಾಡಿಸಿದೆ. ಅವಳು ಒಂದೊಂದು ಸಾಲಿಗೂ ತಲೆಯಾಡಿಸಿದಳು. ಮುಡಿಯ ಸಾಲು ಬರುವಷ್ಟರಲ್ಲಿ ಬಸ್ಸು ತಿರುವು ದಾಟಿತು. ನಾನು ನಿಲ್ಲಿಸಲಿಲ್ಲ, ಕೊನೆಯವರೆಗೂ ತುಟಿಯಾಡಿಸಿದೆ.