ಕಡೆಯ ಬುಟ್ಟಿ ಯಾರಿಗೆ?

ಬೋಟು ಕಟ್ಟುವ ತದಡಿಯ ಧಕ್ಕೆಯಲ್ಲಿ ಸೂರ್ಯ ಏಳುವುದು ದಾಸ ಹರಿಕಂತ್ರರ ಕೂಗು ಕೇಳಿದ ಮೇಲೆ. ಸುಳ್ಳೆನ್ನುವವರು ಒಂದು ಬೆಳಿಗ್ಗೆ ಬಂದು ನೋಡಬಹುದು. ಆ ಕೂಗು ಅಘನಾಶಿನಿ ಹೊಳೆ ದಾಟಿ, ಯಾಣದ ಬಂಡೆಗೆ ಬಡಿದು, ಒಂದಿಷ್ಟು ಕಾಡಿನ ತಂಪು ಹಚ್ಚಿಕೊಂಡು ವಾಪಸು ಬರುತ್ತದೆ. ಬೋಟಿನಿಂದಿಳಿದ ಮೀನಿನ ಲಿಲಾವು ಕೂಗುವುದು ಅವರ ಕಸುಬು. ದರ ಏರಿಸುತ್ತ ಹೋಗಿ, 'ಒಂದ್ಸಾರಿ, ಎರಡ್ಸಾರಿ, ಮೂರ್ಸಾರಿ' ಎಂದು, ಬುಟ್ಟಿ ಕೊಂಡ ಹೆಂಗಸಿನ ಹೆಸರಿಗೆ 'ಅಕ್ಕ' ಸೇರಿಸಿ ರಾಗವಾಗಿ ಎಳೆದರೆ ವ್ಯಾಪಾರ ಮುಗಿಯಿತು.

"ನಾಗಕ್ಕಂಗೇ...!"

ಇದು ಕಿವಿಗೆ ಬಿದ್ದೊಡನೆ, ನಾಲ್ಕು ಮಾರು ಆಚೆ ಕುಕ್ಕರಗಾಲಲ್ಲಿ ಕೂತು ಬಂಗಡೆ ಆರಿಸುತ್ತಿರುವ ಸರೋಜಾರ ಕೈ ನಿಲ್ಲುತ್ತದೆ. ಇವರು ದಾಸರ ಹೆಂಡತಿ. ಕೂಗಿನ ಹೆಸರೆಲ್ಲ ಗಂಡನಿಗೆ. ಆ ಕೂಗನ್ನು ಧಕ್ಕೆಗೆ ಮರಳಿ ತಂದವರು ಇವರು.

"ಹೆಂಗೆ ಕರೀತಾರೆ ನೋಡಿ, ಬೆಲ್ಲ ಹಾಕ್ದಂಗೆ! ನನ್ನ ಹೆಸ್ರು ಮಾತ್ರ ಗಂಟ್ಲಿಗೆ ಮುಳ್ಳು," ಎನ್ನುತ್ತಾರೆ ಸರೋಜಾ. ಆ ಕ್ಷಣ ಅವರ ಹೊಟ್ಟೆಯ ಉರಿಯಲ್ಲಿ ಇಡೀ ತದಡಿಗೆ ಸಾಕಾಗುವಷ್ಟು ಮೀನು ಹುರಿಯಬಹುದು.

ಎರಡು ಮಳೆಗಾಲದ ಹಿಂದೆ ದಾಸರಿಗೆ ಲಕ್ವ ಹೊಡೆಯಿತು. ಮಿದುಳಿನ ಎಡಭಾಗಕ್ಕೆ ರಕ್ತ ಒಯ್ಯುವ ನಾಳವೊಂದು ಕಟ್ಟಿಕೊಂಡು ಬಲಗೈ ಸೋತಿತು, ಮಾತು ನಿಂತಿತು. ಉಳಿದದ್ದು 'ಅದೇ' ಎಂಬ ಒಂದೇ ಶಬ್ದ.

"ಚಾ ಬೇಕನ ಅಂದ್ರೆ ಅದೇ. ಗಂಜಿ ಬೇಕನ ಅಂದ್ರೂ ಅದೇ. ಎಂತ ಅದೇ ಅಂತ ಗೊತ್ತಾಗ್ದೆ ಎರಡೂ ತಂದಿಡ್ತಿದ್ದೆ."

ಬೆಳಿಗ್ಗೆ ಧಕ್ಕೆಯಲ್ಲಿ ಮೀನು ಆರಿಸುವ ಕೂಲಿ, ಆಮೇಲೆ ಗಂಡನ ಕೈಗೆ ವ್ಯಾಯಾಮ, ಆಮೇಲೆ ಕುಮಟೆಯ ಬಸ್ಸು. ಅಲ್ಲಿ ಮಾತಿನ ತರಬೇತಿ ಕೊಡುವ ದೀಪಿಕಾ ಎಂಬವರ ಮುಂದೆ ದಾಸರನ್ನು ಕೂರಿಸುವುದು. ತದಡಿ ಬಸ್ಸಿನ ಸೀಟು ಸವೆದಿದ್ದರೆ ಅದು ಈ ದಂಪತಿಯಿಂದಲೇ.

ಗಂಡ ಮನೆಯಲ್ಲಿ ಕೂತು ಕೊರಗುವುದು ನೋಡಲಾರದೆ ಒಂದು ದಿನ ಸರೋಜಾ ಅವರನ್ನು ಧಕ್ಕೆಗೆ ನಡೆಸಿಕೊಂಡು ಬಂದರು. ಬೋಟಿನ ಮಾಲಕ ಭಾಸ್ಕರ ಒಂದು ಬುಟ್ಟಿ ತಂದು ದಾಸರ ಮುಂದೆ ಇಳಿಸಿದ್ದೇ ತಡ, 'ಅದೇ' ಎನ್ನುತ್ತಿದ್ದ ಬಾಯಿಂದ ಲಿಲಾವು ಶುರು! ಮೇಲೆ ಹೋಗುತ್ತಿದ್ದ ಕಾಗೆ ಹಾರುವುದು ಮರೆತು ಕೆಳಗೆ ಬಿತ್ತು ಎನ್ನುವವರಿದ್ದಾರೆ. ಎರಡು ಬಿದ್ದವು ಎಂಬುದೇ ನಂಬತಕ್ಕ ಸುದ್ದಿ. ಆ ಮೊದಲ ಬುಟ್ಟಿ ಹೋದದ್ದು ಮೀನು ಮಾರುವ ನಾಗುವಿಗೆ. "ನಾಗಕ್ಕಂಗೇ...!"

ಸರೋಜಾ ಅತ್ತುಬಿಟ್ಟರು. "ಖುಷಿಗೆ ಅತ್ತೆ ಅಂತ ಎಲ್ಲ ತಿಳ್ಕಂಡ್ರು. ಅರ್ಧ ಹೊಟ್ಟೆಕಿಚ್ಚಿಗೆ!"

ಇದರ ಗುಟ್ಟು ಬಿಡಿಸಿದವರು ದೀಪಿಕಾ. ಪದ ಹುಡುಕಿ, ಜೋಡಿಸಿ ಆಡುವ ಮಾತಿಗೆ ಹೆಚ್ಚಿನವರಲ್ಲಿ ಎಡ ಮಿದುಳು ಬೇಕೇ ಬೇಕು. ಆದರೆ ಎಣಿಕೆ, ಭಜನೆ, ಬೈಗುಳ, ವರ್ಷಗಟ್ಟಲೆ ತಾಳಕ್ಕೆ ಕೂತ ಕೂಗು ಬೇರೆ ದಾರಿ ಹಿಡಿದೂ ಬರಬಲ್ಲವು. ಅದಕ್ಕೆ ಬಲಭಾಗವೂ ನೆರವಾಗುತ್ತದಂತೆ.

"ಮೊದಲು ನಿಮ್ಮನ್ನ ಏನಂತ ಕರೀತಿದ್ರು?" ಎಂದು ದೀಪಿಕಾ ಕೇಳಿದಾಗ ಸರೋಜಾ ಪೆಚ್ಚಾದರು.

"'ಏ' ಅಂತಿದ್ರು. ಇಲ್ಲಾಂದ್ರೆ 'ಇವ್ಳೇ'. ಹೆಂಡ್ತಿ ಹೆಸ್ರು ಹಿಡ್ದು ಕರಿಯೂದು ನಮ್ಮನೆ ಬದಿ ಎಲ್ಲುಂಟು? ನಾಗು ತಲೇಲಿ ಕೂತಿದಾಳೆ. ನಾನು ಇಷ್ಟ್ ವರ್ಷ ಬರೀ ಅಡುಗೆಮನೇಲಿ ಕೂತಿದ್ದೆ!"

ಹೆಸರುಗಳು ಲಿಲಾವಿನಲ್ಲಿ ತಲೆಯೊಳಗೆ ಹೋಗುವುದಾದರೆ ತನ್ನದೂ ಅಲ್ಲೇ ಹೋಗಲಿ ಎಂದು ಹಟ ಹಿಡಿದ ಸರೋಜಾ, ಅಂದಿನಿಂದ ದಿನದ ಕಡೆಯ ಸಣ್ಣ ಬುಟ್ಟಿಗೆ ತಾವೇ ದರ ಕೂಗುತ್ತಾರೆ. ಮೂರ್ಸಾರಿಯವರೆಗೆ ಎಲ್ಲ ಸರಾಗ. ಹೆಸರಿಗೆ ಬಂದಾಗ ದಾಸರ ಬಾಯಿ ಕಟ್ಟುತ್ತದೆ, ಇಲ್ಲವೇ 'ಅದೇ' ಬರುತ್ತದೆ. ಒಮ್ಮೆ ಅಭ್ಯಾಸಬಲದಿಂದ 'ನಾಗಕ್ಕಂಗೇ' ಎಂದೇ ಬಂತು. ಆ ದಿನ ತದಡಿಯ ಬೆಕ್ಕುಗಳೆಲ್ಲ ಬಂಗಡೆ ಉಂಡವು, ದಾಸರಿಗೆ ಉಪ್ಪಿನಕಾಯಿ.

ಇವತ್ತೂ ಕಡೆಯ ಬುಟ್ಟಿ ಬರುತ್ತದೆ. ಸರೋಜಾ ಕೈ ಎತ್ತುತ್ತಾರೆ.

"ಗಂಡನ ಹತ್ರ ಮೀನು ಕೊಂಬವ್ಳು ಲೋಕದಲ್ಲಿ ನೀನೊಬ್ಳೇ ಮಾರಾಯ್ತಿ!" ಎಂದು ನಾಗು ಕೆಣಕುತ್ತಾರೆ.

"ನಿನ್ನ ಬಾಯಿ ಮುಚ್ಚು. ನಾನು ಅವ್ರ ಬಾಯಿ ಬಿಡಿಸ್ತೆ."

"ಒಂದ್ಸಾರಿ... ಎರಡ್ಸಾರಿ... ಮೂರ್ಸಾರಿ..." ದಾಸರ ಎಡಗೈ ಗಾಳಿಯಲ್ಲೇ ನಿಲ್ಲುತ್ತದೆ. ಕಣ್ಣು ಹೆಂಡತಿಯ ಮೇಲೆ. ಸಮುದ್ರವೇ ಒಂದು ತೆರೆಯನ್ನು ತಡೆದು ನಿಲ್ಲಿಸಿಕೊಳ್ಳುತ್ತದೆ. "ಸ... ಸರೋ..." ಅಷ್ಟರಲ್ಲಿ ಹಳೆಯ ರಾಗ ಬಂದು ನಾಲಗೆಯನ್ನು ಎತ್ತಿಕೊಳ್ಳುತ್ತದೆ.

"ಸರೋಜಕ್ಕಂಗೇ...!"

ಧಕ್ಕೆಯಲ್ಲಿ ಎದ್ದ ನಗೆಗೆ ಕಟ್ಟಿದ ಬೋಟುಗಳೆಲ್ಲ ತೂಗಾಡುತ್ತವೆ. ದಾಸರೂ ನಗುತ್ತಾರೆ, ಕಣ್ಣಲ್ಲಿ ನೀರು.

"ಕಡೆಗೂ ಗಂಡನ ಬಾಯಲ್ಲಿ ಅಕ್ಕ ಆದ್ಯಲೇ!" ಎನ್ನುತ್ತಾರೆ ನಾಗು.

ಸರೋಜಾ ಸೆರಗಿನಿಂದ ಮುಖ ಒರೆಸಿ, ಬುಟ್ಟಿಯನ್ನು ಸೊಂಟಕ್ಕೆ ಏರಿಸುತ್ತಾರೆ.

"ಅಡ್ಡಿಲ್ಲ. ಅಕ್ಕ ಬಿಡಿಸೂದು ನಾಳೆ ನೋಡ್ವ," ಎಂದವರು ನಾಗುವಿನತ್ತ ತಿರುಗುತ್ತಾರೆ. "ನಿಂಗೆ ಕೂಗಿದ್ಕಿಂತ ಉದ್ದ ಕೂಗಿದಾರೆ. ಕೇಳ್ತನ?"